ಹಳೆಯ ಚಿತ್ರಕ್ಕೆ ಹೊಸ ಕಣ್ಗುರುತು

(ಸಂಘದ ಸಭಾಂಗಣದಲ್ಲಿ ಎರಡು ಭಾನುವಾರ ನಡೆದ ಹಾಲೆಂಡಿನ ಪ್ರಾಚೀನ ಚಿತ್ರಗಳ ಪ್ರತಿಕೃತಿ ಪ್ರದರ್ಶನದ ಮುಕ್ತಾಯ ಸಮಾರಂಭದಲ್ಲಿ ಮಾಡಿದ ಭಾಷಣ)



ಚಿತ್ರಕಲೆಯ ವಿಷಯವಾಗಿ ನಾಲ್ಕು ಮಾತನಾಡಲು ಬ್ಯಾಂಕಿನ ಗುಮಾಸ್ತರನ್ನು ನಿಲ್ಲಿಸಿರುವುದು ನಮ್ಮ ಕಾರ್ಯದರ್ಶಿಗಳ ಧೈರ್ಯಕ್ಕೆ ಸಾಕ್ಷಿಯೇ ಹೊರತು ನಮ್ಮ ಯೋಗ್ಯತೆಗೆ ಅಲ್ಲ. ನಾವು ಓದಿದ್ದು ಬಿ.ಕಾಂ. ಬಣ್ಣಗಳ ಪೈಕಿ ನಮಗೆ ಚೆನ್ನಾಗಿ ಪರಿಚಯವಿರುವುದು ಎರಡೇ, ಕಪ್ಪು ಶಾಯಿ ಮತ್ತು ಕೆಂಪು ಶಾಯಿ. ಆದರೂ ಈ ಪ್ರದರ್ಶನದ ಭಿತ್ತಿಪತ್ರ, ಆಮಂತ್ರಣ, ದಾರಿ ತೋರಿಸುವ ಫಲಕ, ಚಿತ್ರಗಳ ಪಕ್ಕದ ಚೀಟಿ ಇವನ್ನೆಲ್ಲ ಸಿದ್ಧಪಡಿಸುವ ಕೆಲಸ ನಮ್ಮ ಮೂವರ ಉಪಸಮಿತಿಗೆ ಬಿತ್ತು. ಮೊದಲನೆಯ ಭಾನುವಾರಕ್ಕೆ ನಾವು ಮಾಡಿದ ತಪ್ಪುಗಳನ್ನು ತಾವೆಲ್ಲ ಗೋಡೆಯ ಮೇಲೆಯೇ ಕಂಡಿದ್ದೀರಿ. ಎರಡನೆಯ ಭಾನುವಾರಕ್ಕೆ ಅವನ್ನು ತಿದ್ದಿಕೊಂಡೆವು. ಆ ತಪ್ಪಿನ ಮತ್ತು ತಿದ್ದುಪಡಿಯ ಲೆಕ್ಕವನ್ನು ಸಭೆಗೆ ಒಪ್ಪಿಸುವುದಷ್ಟೇ ಇಂದಿನ ನಮ್ಮ ಕೆಲಸ. ಲೆಕ್ಕ ಒಪ್ಪಿಸುವುದರಲ್ಲಾದರೂ ನಮಗೆ ಸ್ವಲ್ಪ ಅಭ್ಯಾಸವಿದೆ.

ಮೊದಲು ಹೆಸರಿನ ಮಾತು. ಸುಮಾರು 1300ರಿಂದ 1800ರವರೆಗಿನ ಯೂರೋಪಿನ ದೊಡ್ಡ ಚಿತ್ರಕಾರರನ್ನು ಇಂಗ್ಲಿಷಿನಲ್ಲಿ ‘ಓಲ್ಡ್ ಮಾಸ್ಟರ್ಸ್’ ಎಂದು ಕರೆಯುವ ವಾಡಿಕೆಯಿದೆ. ನಾವು ಅದನ್ನೇ ಕನ್ನಡ ಅಕ್ಷರಗಳಲ್ಲಿ ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿದೆವು. ಹಿರಿಯರೊಬ್ಬರು ಓದಿ, ‘ನಿವೃತ್ತ ಮೇಷ್ಟ್ರುಗಳಿಗೆ ಸನ್ಮಾನವೇ? ಶಾಲು ಹಣ್ಣು ಯಾರು ತರುತ್ತಾರೆ?’ ಎಂದು ಕೇಳಿದರು. ನಾವು ನಕ್ಕುಬಿಟ್ಟೆವು. ಆಮೇಲೆ ಪುಸ್ತಕ ತೆರೆದು ನೋಡಿದರೆ ಅವರ ಮಾತಿನಲ್ಲಿಯೇ ಸತ್ಯವಿತ್ತು. ಆ ಕಾಲದ ಹಾಲೆಂಡಿನ ಊರುಗಳಲ್ಲಿ ಚಿತ್ರಕಾರರಿಗೆ ಸೇಂಟ್ ಲ್ಯೂಕನ ಹೆಸರಿನ ಕಸುಬುಸಂಘವಿತ್ತು. ಶಿಷ್ಯವೃತ್ತಿ ಮುಗಿಸಿ ಸಂಘದಲ್ಲಿ ಹೆಸರು ನೋಂದಾಯಿಸಿದವನೇ ಮಾಸ್ಟರ್. ನಮ್ಮ ಪ್ರದರ್ಶನದ ಮುಖ್ಯ ಚಿತ್ರಕಾರನಾದ ಡೆಲ್ಫ್ಟ್ ಪಟ್ಟಣದ ಯೊಹಾನೆಸ್ ವರ್ಮೀರ್ 1653ರ ಡಿಸೆಂಬರ್ 29ರಂದು ಹಾಗೆ ಹೆಸರು ಬರೆಸಿದ. ಅಂದಮೇಲೆ ಅವನು ನಿಜವಾಗಿಯೂ ಮೇಷ್ಟ್ರೇ. ಎರಡನೆಯ ಭಿತ್ತಿಪತ್ರದಲ್ಲಿ ನಾವು ಇಂಗ್ಲಿಷ್ ಹೆಸರನ್ನು ಬಿಟ್ಟು ‘ಹಳೆಯ ಗುರುಗಳ ಚಿತ್ರಗಳು’ ಎಂದು ಬರೆದದ್ದು ಆ ಹಿರಿಯರ ಕೃಪೆ.

ಇನ್ನು ಭಿತ್ತಿಪತ್ರದಿಂದ ಹಿಡಿದು ಟಿಕೆಟ್ಟಿನ ತನಕ ಎಲ್ಲಕ್ಕೂ ಒಂದೇ ಮುಖವಿರಬೇಕು ಎಂಬ ವಿಷಯ. ಇದಕ್ಕೆ ಈಗಿನವರು ‘ವಿಷುಯಲ್ ಐಡೆಂಟಿಟಿ’ ಎನ್ನುತ್ತಾರೆ. ನಾವು ನಮ್ಮ ಅನುಕೂಲಕ್ಕೆ ‘ಕಣ್ಗುರುತು’ ಎಂದುಕೊಂಡೆವು. ಹೆಸರು ಹೊಸದಾದರೂ ವಿಷಯ ನಮಗೆ ಹೊಸದಲ್ಲ. ಬ್ಯಾಂಕಿನಲ್ಲಿ ನಮೂನೆ ಸಹಿಯ ಚೀಟಿ ಎಂಬುದೊಂದಿದೆ. ಗಿರಾಕಿಯ ಸಹಿ ಪ್ರತಿ ಸಲವೂ ಅಚ್ಚೊತ್ತಿದ ಹಾಗೆ ಒಂದೇ ಆಗಿರುವುದಿಲ್ಲ. ಹಾಗೆ ಇದ್ದರೆ ನಮಗೆ ಸಂಶಯವೇ ಹೆಚ್ಚು. ಆದರೆ ಕೈ ಅದೇ ಎಂಬುದು ನೋಡಿದ ಕೂಡಲೇ ತಿಳಿಯಬೇಕು. ನಮ್ಮ ಬಂಧುಗಳ ಪೈಕಿ ಅಕ್ಷರ ಬಾರದ ಅಜ್ಜಿಯೊಬ್ಬರು ಸಿಂಡಿಕೇಟ್ ಬ್ಯಾಂಕನ್ನು ‘ನಾಯಿಯ ಬ್ಯಾಂಕು’ ಎನ್ನುತ್ತಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕಿನ ಗುರುತು ನಾಯಿ. ಅಜ್ಜಿಗೆ ಅಷ್ಟು ಸಾಕಾಗಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಫಲಕ ಬದಲಾಯಿತು. ದುಡ್ಡು ಎಲ್ಲಿಯೂ ಹೋಗಲಿಲ್ಲ. ಆದರೂ ಅಜ್ಜಿ ತಮ್ಮ ಪಾಸುಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ‘ನಾಯಿ ಎಲ್ಲಿ?’ ಎಂದು ಕೇಳಿದರು. ಕಣ್ಗುರುತು ಎಂದರೆ ಅಲಂಕಾರವಲ್ಲ, ಅದು ನಂಬಿಕೆಯ ವಿಷಯ ಎಂಬುದನ್ನು ನಾವು ಅಂದೇ ಕಲಿಯಬೇಕಾಗಿತ್ತು. ಕಲಿಯಲಿಲ್ಲ.

ಈಗ ನಮ್ಮ ಮೊದಲ ಭಿತ್ತಿಪತ್ರ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಚಿತ್ರಗಳ ಉತ್ತಮ ಪ್ರತಿಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿರುವುದರಿಂದಲೇ ನಮ್ಮಂಥ ಸಣ್ಣ ಸಂಘ 20 ಚಿತ್ರಗಳನ್ನು ಅಚ್ಚು ಹಾಕಿಸಿ ತೂಗುಹಾಕುವುದು ಸಾಧ್ಯವಾಯಿತು. ಅವುಗಳಲ್ಲಿ ವರ್ಮೀರನ ‘ಹಾಲು ಹುಯ್ಯುವ ಹೆಣ್ಣು’ ಎಂಬ ಚಿತ್ರವನ್ನು ಭಿತ್ತಿಪತ್ರಕ್ಕೆ ಆರಿಸಿದೆವು. ಆದರೆ ನಮ್ಮ ಮನಸ್ಸಿನಲ್ಲಿ ಒಂದು ಅಂಜಿಕೆ. ಮುನ್ನೂರೈವತ್ತು ವರ್ಷಗಳಿಗೂ ಹಳೆಯ ಚಿತ್ರ, ಅದರಲ್ಲೊಬ್ಬ ಅಡುಗೆಯಾಳು. ಇದನ್ನು ನೋಡಲು ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಬಂದಾರೆಯೇ? ಅದಕ್ಕಾಗಿ ಆ ಹೆಣ್ಣಿಗೆ ಕಪ್ಪು ಕನ್ನಡಕ ತೊಡಿಸಿ, ಕೈಗೆ ಮೊಬೈಲು ಕೊಟ್ಟು, ಹಿಂದಿನ ಗೋಡೆಗೆ ನೇರಳೆ ಬಣ್ಣ ಬಳಿಸಿದೆವು. ಮುದ್ರಣಾಲಯದವರು ತಮ್ಮ ಪಾಲಿನ ಸೇವೆಯನ್ನೂ ಸಲ್ಲಿಸಿದರು. ಚಿತ್ರ ಮಂಕಾಗಿದೆಯೆಂದು ಅವರಿಗೆ ತೋರಿತಂತೆ. ನಮ್ಮನ್ನು ಕೇಳದೆಯೇ ಹಳದಿಯನ್ನು ಏರಿಸಿದರು. ಕಾಮಾಲೆಯಾದ ಹೆಣ್ಣು ಕನ್ನಡಕ ತೊಟ್ಟುಕೊಂಡು ನಮ್ಮ ಸಂಘದ ಬಾಗಿಲಲ್ಲಿ ನಿಂತಳು.

ಫಲಿತಾಂಶವನ್ನು ಹೇಳಿಬಿಡುತ್ತೇವೆ. ಮೊದಲನೆಯ ಭಾನುವಾರ ಸಂದರ್ಶಕರ ಪುಸ್ತಕದಲ್ಲಿ ಬಿದ್ದ ಸಹಿಗಳು 31. ಅವುಗಳಲ್ಲಿ 19 ಕಾರ್ಯಕಾರಿ ಸಮಿತಿಯ ಮನೆಗಳವು. ಬಂದ ಹುಡುಗರಲ್ಲಿ ಒಬ್ಬ ಒಳಗೆ ಹೋಗಿ ಚಿತ್ರವನ್ನು ನೋಡಿ ಹೊರಗೆ ಬಂದು, ‘ಒಳಗಿರುವವಳು ಚೆನ್ನಾಗಿದ್ದಾಳೆ, ಹೊರಗೆ ಯಾಕೆ ಹೀಗೆ ಮಾಡಿದಿರಿ?’ ಎಂದ. ಹುಡುಗರಿಗಾಗಿ ಹಾಕಿದ ವೇಷವನ್ನು ಹುಡುಗನೇ ಕಳಚಿದ. ಹಳೆಯದನ್ನು ಕಂಡು ನಾಚಿದವರು ಹುಡುಗರಲ್ಲ, ನಾವು.

ಈ ಹಳದಿಯ ಪ್ರಸಂಗ ನಮಗೊಬ್ಬರಿಗೇ ಬಂದುದಲ್ಲವೆಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. ಇದೇ ಚಿತ್ರದ ಹಳದಿ ತಿರುಗಿದ ಕೆಟ್ಟ ಪ್ರತಿಗಳು ಅಂತರ್ಜಾಲದಲ್ಲಿ ಸಾವಿರಗಟ್ಟಲೆ ಹರಡಿದ್ದವು. ಮ್ಯೂಸಿಯಮ್ಮಿನ ಅಂಗಡಿಯಲ್ಲಿ ಸರಿಯಾದ ಬಣ್ಣದ ಕಾರ್ಡು ಕೊಟ್ಟರೆ ಜನ ಅದನ್ನು ನಂಬದ ಸ್ಥಿತಿ ಬಂದಿತ್ತು. ಸುಳ್ಳು ಪ್ರತಿಯನ್ನು ನೋಡಿ ನೋಡಿ ನಿಜವೇ ಸುಳ್ಳೆನಿಸಿತು. 2011ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ವರದಿಯೊಂದು ಈ ತೊಡಕಿಗೆ ‘ಹಳದಿ ಹಾಲಿನವಳ ಸಮಸ್ಯೆ’ ಎಂದೇ ಹೆಸರಿಟ್ಟಿತು. ಇದಕ್ಕೆ ಮ್ಯೂಸಿಯಮ್ಮಿನವರು ಕಂಡುಕೊಂಡ ಉಪಾಯ ಸರಳವಾದುದು. ಕೆಟ್ಟ ಪ್ರತಿಗಳ ಮೇಲೆ ದಾವೆ ಹೂಡುವ ಬದಲು ತಾವೇ ಒಳ್ಳೆಯ ಪ್ರತಿಯನ್ನು ಎಲ್ಲರ ಕೈಗೆ ಕೊಟ್ಟರು. 2012ರ ಅಕ್ಟೋಬರಿನಲ್ಲಿ 1,25,000 ಚಿತ್ರಗಳೊಂದಿಗೆ ಆ ಭಂಡಾರ ತೆರೆಯಿತು. ಖೋಟಾ ನಾಣ್ಯವನ್ನು ಓಡಿಸಲು ಒಳ್ಳೆಯ ನಾಣ್ಯವನ್ನೇ ಧಾರಾಳವಾಗಿ ಚಲಾವಣೆಗೆ ಬಿಟ್ಟ ಹಾಗೆ. ನಮ್ಮ ವಾಣಿಜ್ಯಶಾಸ್ತ್ರದ ಪುಸ್ತಕದಲ್ಲಿ ಕೆಟ್ಟ ನಾಣ್ಯವು ಒಳ್ಳೆಯದನ್ನು ಓಡಿಸುತ್ತದೆ ಎಂದು ಓದಿದ್ದೆವು. ಇಲ್ಲಿ ಅದು ತಿರುಗುಮುರುಗಾಯಿತು.

ಸೋಮವಾರ ಸಂಜೆ ನಾವು ಮೂವರೂ ಖಾಲಿ ಸಭಾಂಗಣದಲ್ಲಿ ಆ ಚಿತ್ರದ ಎದುರಿಗೆ ಬೆಂಚು ಎಳೆದುಕೊಂಡು ಕುಳಿತೆವು. ಅಲ್ಲಿಯ ತನಕ ಅದನ್ನು ನಾವು ನಿಜವಾಗಿ ನೋಡಿಯೇ ಇರಲಿಲ್ಲ, ಅಳೆದಿದ್ದೆವು, ಅಷ್ಟೇ. ಅಳತೆ 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ನಮ್ಮ ಬ್ಯಾಂಕಿನ ಹಳೆಯ ಲೆಡ್ಜರನ್ನು ತೆರೆದಿಟ್ಟರೆ ಅದಕ್ಕಿಂತ ದೊಡ್ಡದು. ಆ ಅಂಗೈಯಗಲದ ಲೋಕದಲ್ಲಿ ಎಡಗಡೆ ಕಿಟಕಿ. ಮೇಜಿನ ಮೇಲೆ ಬುಟ್ಟಿಯಲ್ಲಿ ರೊಟ್ಟಿ. ಹಳದಿ ರವಿಕೆ, ನೀಲಿ ಮೇಲುಡುಗೆಯ ಗಟ್ಟಿಮುಟ್ಟಾದ ಹೆಣ್ಣು. ಅವಳ ಕೈಯ ಹೂಜಿಯಿಂದ ಮಣ್ಣಿನ ಬೋಗುಣಿಗೆ ನೂಲಿನಂತೆ ಇಳಿಯುವ ಹಾಲು. ಹಿಂದೆ ಬರಿಯ ಬಿಳಿ ಗೋಡೆ. ಅದರಲ್ಲಿ ಒಂದು ಮೊಳೆ, ಮೊಳೆಯ ನೆರಳು, ಕಿತ್ತ ಮೊಳೆಗಳ ತೂತುಗಳು.

ಆ ಬರಿಯ ಗೋಡೆಯ ಕಥೆ ನಮಗೆ ಪಾಠವಾಯಿತು. 2022ರಲ್ಲಿ ಮ್ಯೂಸಿಯಮ್ಮಿನ ಸಂಶೋಧಕರು ಯಂತ್ರಗಳ ಸಹಾಯದಿಂದ ಬಣ್ಣದ ಕೆಳಪದರವನ್ನು ಪರೀಕ್ಷಿಸಿದಾಗ, ವರ್ಮೀರ್ ಮೊದಲು ಹೆಣ್ಣಿನ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆಯನ್ನೂ, ಕೆಳಗೆ ಬಲಗಡೆ ಬೆಂಕಿಯ ಬುಟ್ಟಿಯನ್ನೂ ಬರೆಯಲು ಹೊರಟಿದ್ದನೆಂದು ಕಂಡುಬಂತು. ಆಮೇಲೆ ಎರಡನ್ನೂ ಬಣ್ಣದಿಂದ ಮುಚ್ಚಿದ. ಬರೆಯಲು ಬಾರದೆ ಬಿಟ್ಟದ್ದಲ್ಲ, ಬೇಡವೆಂದು ತೆಗೆದದ್ದು. ಅಷ್ಟು ಕಷ್ಟಪಟ್ಟು ಅವನು ಬಿಡಿಸಿದ ಗೋಡೆಗೆ ನಾವು ನೇರಳೆ ಬಣ್ಣ ಬಳಿದಿದ್ದೆವು. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುತ್ತೇವೆ.

ಆ ಮನುಷ್ಯನ ಬಾಳೂ ಅಷ್ಟೇನೂ ಸಮೃದ್ಧವಾದುದಲ್ಲ. 1632ರಲ್ಲಿ ಹುಟ್ಟಿ 1675ರಲ್ಲಿ ಸಾಲದಲ್ಲಿಯೇ ತೀರಿಕೊಂಡ. 11 ಮಕ್ಕಳೊಂದಿಗೆ ಉಳಿದ ಹೆಂಡತಿ ರೊಟ್ಟಿ ಮಾರುವವನ 617 ಗಿಲ್ಡರುಗಳಿಗೆ ಮಿಕ್ಕಿದ ಬಾಕಿಗಾಗಿ ಎರಡು ಚಿತ್ರಗಳನ್ನು, ಹಣ ತೀರಿಸಿದರೆ ಹಿಂದಕ್ಕೆ ಪಡೆಯುವ ಷರತ್ತಿನ ಮೇಲೆ, ಅವನಿಗೆ ಒಪ್ಪಿಸಿದಳು. ಅಡವಿನ ಪತ್ರಗಳನ್ನು ದಿನಾ ನೋಡುವ ನಮಗೆ ಈ ವಿವರ ಓದಿ ಗಂಟಲು ಕಟ್ಟಿತು. ಆಮೇಲೆ ಅವನನ್ನು ಲೋಕ ಬಹುಮಟ್ಟಿಗೆ ಮರೆತೇಬಿಟ್ಟಿತು. 1866ರಲ್ಲಿ ಥಿಯೊಫಿಲ್ ಥೋರೆ ಎಂಬ ಫ್ರೆಂಚ್ ವಿಮರ್ಶಕ ಲೇಖನಗಳನ್ನು ಬರೆದ ಮೇಲೆ ಅವನ ಹೆಸರು ಮತ್ತೆ ಮೇಲೆ ಬಂತು. 2023ರ ಫೆಬ್ರವರಿ 10ರಿಂದ ಜೂನ್ 4ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ 28 ಚಿತ್ರಗಳನ್ನು ಒಟ್ಟಿಗೆ ತೋರಿಸಿದಾಗ ಬಂದವರು ಸುಮಾರು 6,50,000 ಜನ. ಅಲ್ಲಿಯೂ ಏನೂ ಆಡಂಬರ ಮಾಡಲಿಲ್ಲವಂತೆ. ದಪ್ಪ ಪರದೆಗಳ ವಿಶಾಲವಾದ ಕೋಣೆಗಳಲ್ಲಿ ಕೆಲವೇ ಚಿತ್ರಗಳನ್ನು ಬಿಡಿಬಿಡಿಯಾಗಿಟ್ಟು ಮಿಕ್ಕದ್ದನ್ನು ಮೌನಕ್ಕೆ ಬಿಟ್ಟರು.

ಹಾಗಾದರೆ ಹೊಸತನ ಬೇಡವೇ? ಬೇಕು. ಹಳೆಯ ಚಿತ್ರವನ್ನು ಹಳೆಯ ಅಕ್ಷರಗಳಲ್ಲಿ, ಬಂಗಾರದ ಬಳ್ಳಿಯ ಅಂಚು ಕಟ್ಟಿ ತೋರಿಸಿದರೆ ಅದು ಶ್ರಾದ್ಧದ ಪತ್ರಿಕೆಯಾದೀತು. ಹೊಸತನವನ್ನು ಎಲ್ಲಿಂದ ತರಬೇಕು ಎಂಬುದೇ ಪ್ರಶ್ನೆ. ಇದಕ್ಕೆ ಎರಡು ಉದಾಹರಣೆ ಕೊಡುತ್ತೇವೆ.

ಒಂದು, ಅದೇ ರೈಕ್ಸ್‌ಮ್ಯೂಸಿಯಮ್ಮಿನದು. 2003ರಲ್ಲಿ ದುರಸ್ತಿಗೆಂದು ಮುಚ್ಚಿದ ಅದರ ಮುಖ್ಯ ಕಟ್ಟಡ 2013ರ ಏಪ್ರಿಲ್ 13ರಂದು ಮತ್ತೆ ತೆರೆಯಿತು. ಅದಕ್ಕೆ ಮುಂಚೆ, 2012ರಲ್ಲಿ, ಪುಸ್ತಕ ವಿನ್ಯಾಸದಲ್ಲಿ ಹೆಸರಾದ ಇರ್ಮಾ ಬೋಮ್ ಎಂಬಾಕೆ ಸಂಸ್ಥೆಗೆ ಹೊಸ ಕಣ್ಗುರುತನ್ನು ಮಾಡಿಕೊಟ್ಟರು. ಅದಕ್ಕೆಂದೇ ಹೊಸ ಅಕ್ಷರಗಳನ್ನು ಪಾಲ್ ವಾನ್ ಡರ್ ಲಾನ್ ಬರೆದರು. ಆದರೆ ದೊಡ್ಡ ಗದ್ದಲವೆದ್ದದ್ದು ಅಕ್ಷರಗಳ ಮೇಲಲ್ಲ, ಎರಡು ಪದಗಳ ನಡುವಿನ ತೆರಪಿನ ಮೇಲೆ! ಡಚ್ ಭಾಷೆಯಲ್ಲಿ ಸಮಾಸಪದವನ್ನು ಕೂಡಿಸಿಯೇ ಬರೆಯಬೇಕು. ಈಕೆ ‘ರೈಕ್ಸ್’ ಒಂದು ಕಡೆ, ‘ಮ್ಯೂಸಿಯಂ’ ಒಂದು ಕಡೆ ಬಿಡಿಸಿ ಬರೆದರು. ಪರದೇಶದವರಿಗೆ ‘ಮ್ಯೂಸಿಯಂ’ ಎಂಬ ಮಾತು ಬೇರೆಯಾಗಿ ಕಾಣಲಿ ಎಂಬುದು ಉದ್ದೇಶ. ಭಾಷಾಭಿಮಾನಿಗಳು ಸುಮ್ಮನಿರಲಿಲ್ಲ. ನಮಗಿದು ಚೆನ್ನಾಗಿ ಅರ್ಥವಾಗುತ್ತದೆ. ನಾಳೆ ನಮ್ಮ ಕಾರ್ಯದರ್ಶಿಗಳು ಬ್ಯಾನರಿನ ಮೇಲೆ ‘ರಾಜ್ಯ ಉತ್ಸವ’ ಎಂದು ಬಿಡಿಸಿ ಬರೆಸಿದರೆ ಈ ಸಭೆಯಲ್ಲಿ ಎಷ್ಟು ಜನ ಎದ್ದು ನಿಂತಾರು! ಇನ್ನೊಂದು ಸ್ವಾರಸ್ಯ: ‘ರೈಕ್’ ಎಂದರೆ ರಾಜ್ಯ, ಅದೂ ನಮ್ಮ ‘ರಾಜ್ಯ’ವೂ ಮೂಲದಲ್ಲಿ ಒಂದೇ ಬೇರಿನ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ತೆರಪು ಉಳಿದುಕೊಂಡಿತು. ಅದು ಸರಿಯೋ ತಪ್ಪೋ ಎಂಬ ತೀರ್ಪನ್ನು ನಾವು ಕೊಡುವುದಿಲ್ಲ. ಆದರೆ ಅಲ್ಲಿ ಬದಲಾದದ್ದು ಬಾಗಿಲಿನ ಬರಹ. ಒಳಗಿನ ಚಿತ್ರಕ್ಕೆ ಯಾರೂ ಕನ್ನಡಕ ತೊಡಿಸಲಿಲ್ಲ.

ಎರಡನೆಯದು ರೋಮ್ ನಗರದ್ದು. ರಾಫೆಲ್ ತೀರಿಕೊಂಡು 500 ವರ್ಷ ತುಂಬಿದ 2020ರಲ್ಲಿ ಅಲ್ಲಿಯ ಸ್ಕುದೆರಿಯೆ ದೆಲ್ ಕ್ವಿರಿನಾಲೆ ಎಂಬಲ್ಲಿ ದೊಡ್ಡ ಪ್ರದರ್ಶನ ಏರ್ಪಟ್ಟಿತು. ಹೆಸರು ‘ರಾಫೆಲ್ 1520–1483’. ಮೊದಲು ಓದಿದವರು ಅಚ್ಚಿನ ತಪ್ಪೆಂದೇ ತಿಳಿಯಬೇಕು. ಸತ್ತ ವರ್ಷ ಮೊದಲು, ಹುಟ್ಟಿದ ವರ್ಷ ಆಮೇಲೆ. ಆದರೆ ಒಳಗೆ ಹೋದರೆ ಪ್ರದರ್ಶನವೇ ಹಾಗಿತ್ತು. ಪ್ಯಾಂಥಿಯನ್ನಿನಲ್ಲಿರುವ ಅವನ ಸಮಾಧಿಯ ಮಾದರಿಯಿಂದ ಆರಂಭವಾಗಿ ಹಿಂದುಹಿಂದಕ್ಕೆ ಸಾಗಿ ಅವನ ಹುಡುಗತನದ ಕೆಲಸದಲ್ಲಿ ಮುಗಿಯುತ್ತಿತ್ತು. 37ನೆಯ ವಯಸ್ಸಿಗೇ ಹೋದವನನ್ನು ನೋಡಲು ಬಂದವರು ಸಾವಿನಿಂದ ಹೊರಟು ಯೌವನದ ಬಾಗಿಲಲ್ಲಿ ಹೊರಗೆ ಬರುತ್ತಿದ್ದರು. ಮುಕ್ತಾಯದ ಶಿಲ್ಕಿನಿಂದ ಆರಂಭದ ಶಿಲ್ಕಿಗೆ ಪಾಸುಪುಸ್ತಕ ಓದಿದ ಹಾಗೆ. ಎರಡು ಅಂಕೆಗಳನ್ನು ಅದಲುಬದಲು ಮಾಡಿದ್ದೇ ಇಡೀ ಪ್ರದರ್ಶನದ ಗುರುತಾಯಿತು. ಮಾರ್ಚ್ 5ರಂದು ತೆರೆದ ಅದು ಸಾಂಕ್ರಾಮಿಕದ ಕಾರಣ 8ರಂದೇ ಮುಚ್ಚಬೇಕಾಯಿತು. ಜೂನ್ 2ರಂದು ಮತ್ತೆ ತೆರೆದು ಆಗಸ್ಟ್ 30ರವರೆಗೆ ನಡೆಯಿತು.

ಈ ಎರಡನ್ನೂ ಓದಿದ ಮೇಲೆ ನಮಗೆ ದಾರಿ ಕಂಡಿತು. ಹೊಸತನವನ್ನು ಹೊರಗಿನಿಂದ ತಂದು ಹೊದಿಸಬೇಕಾಗಿಲ್ಲ. ಹಳೆಯದರ ಒಳಗೇ ಇರುವ ಒಂದೇ ಒಂದು ಸಂಗತಿಯನ್ನು ಹುಡುಕಿ ಮುಂದಿಟ್ಟು, ನಾವು ಪಕ್ಕಕ್ಕೆ ಸರಿಯಬೇಕು. ಎರಡನೆಯ ಭಿತ್ತಿಪತ್ರದಲ್ಲಿ ಮುಖವನ್ನು ಬಿಟ್ಟೆವು. ಹೂಜಿಯ ಬಾಯಿ, ಕೈ, ಆ ಹಾಲಿನ ಎಳೆ, ಬೋಗುಣಿ ಇಷ್ಟನ್ನೇ ದೊಡ್ಡದಾಗಿ ಕೆಳಗಿಟ್ಟೆವು. ಮೇಲಿನ ಮುಕ್ಕಾಲು ಭಾಗ ಚಿತ್ರದ ಗೋಡೆಯ ಬಣ್ಣವೇ, ಖಾಲಿ. ಅಕ್ಷರಗಳು ಅವಳ ಮೇಲುಡುಗೆಯ ನೀಲಿಯಲ್ಲಿ, ಅಂಚಿಲ್ಲ, ಬಳ್ಳಿಯಿಲ್ಲ. ಆಮಂತ್ರಣದಲ್ಲಿಯೂ ಅದೇ ಎಳೆ, ಮೆಟ್ಟಿಲಿನ ಫಲಕದಲ್ಲಿಯೂ ಅದೇ ಎಳೆ; ಅದನ್ನು ಹಿಡಿದುಕೊಂಡೇ ಜನ ಮೇಲಕ್ಕೆ ಬರಲಿ ಎಂದು. ಮುದ್ರಣಾಲಯದಲ್ಲಿ ಒಬ್ಬರು ಮೊದಲ ಪ್ರತಿ ಹೊರಬರುವ ತನಕ ಪಹರೆ ನಿಂತೆವು.

ಇನ್ನೆರಡು ಸಾಲು ಸೇರಿಸಿದೆವು. ‘ಇದು ಚಿತ್ರದ ಒಂದು ಭಾಗ, ಪೂರ್ಣ ಚಿತ್ರ ಒಳಗಿದೆ’ ಎಂಬುದು ಒಂದು. ‘ಇಲ್ಲಿರುವವು ಅಚ್ಚಿನ ಪ್ರತಿಗಳು’ ಎಂಬುದು ಇನ್ನೊಂದು. ಮೊದಲ ಭಿತ್ತಿಪತ್ರದಲ್ಲಿ ಈ ಮಾತು ಇರಲಿಲ್ಲ. ನಕಲನ್ನು ನಕಲೆಂದು ದೃಢೀಕರಿಸಿ ಮುದ್ರೆ ಒತ್ತುವುದೇ ನಮ್ಮ ಹೊಟ್ಟೆಪಾಡು. ಅದನ್ನು ಮನೆಯ ಕೆಲಸದಲ್ಲಿ ಮರೆತಿದ್ದೆವು. ಸಮಿತಿಯಲ್ಲಿ ಕೆಲವರು, ‘ಪ್ರತಿ ಎಂದು ಬರೆದರೆ ಯಾರು ಬರುತ್ತಾರೆ?’ ಎಂದರು. ಬರದಿದ್ದರೆ ಬೇಡ, ಬಂದವರು ಮೋಸಹೋದೆವೆಂದು ಹಿಂದಿರುಗಬಾರದು ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಅವರಿಗೆ ನಾವು ಋಣಿಗಳು.

ಎರಡನೆಯ ಭಾನುವಾರದ ಸಹಿಗಳು 87. ಇದೆಲ್ಲ ಭಿತ್ತಿಪತ್ರದ ಮಹಿಮೆಯೆಂದು ಹೇಳಿದರೆ ಲೆಕ್ಕ ತಪ್ಪಾಗುತ್ತದೆ, ಏಕೆಂದರೆ ಆ ದಿನ ಮಹಿಳಾ ವಿಭಾಗದವರ ಬಿಸಿಬೇಳೆ ಭಾತೂ ಇತ್ತು. ಭಾತಿನ ಪಾಲನ್ನು ಭಾತಿಗೆ ಬಿಡೋಣ. ಆದರೆ ಪುಸ್ತಕದಲ್ಲಿ ಕಾಣದ ಒಂದು ಜಮೆಯನ್ನು ಹೇಳಲೇಬೇಕು. ಊರಿನಿಂದ ಮಗನ ಮನೆಗೆ ಬಂದಿದ್ದ ವೃದ್ಧೆಯೊಬ್ಬರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಚೀಟಿ ಓದಲು ಕಣ್ಣು ಸಾಲದು. ಜೊತೆಗಿದ್ದ ಮೊಮ್ಮಗಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬಾರದು. ವೃದ್ಧೆ ಹೇಳಿದರು: ‘ನೋಡು, ಎಷ್ಟು ಸಣ್ಣಗೆ ಹುಯ್ಯುತ್ತಾಳೆ. ರೊಟ್ಟಿ ಒಣಗಿದೆ, ಎಸೆಯಲು ಮನಸ್ಸಿಲ್ಲ, ಹಾಲಿನಲ್ಲಿ ನೆನೆಸುತ್ತಾಳೆ.’ ಒಣ ರೊಟ್ಟಿಯಿಂದ ಪಾಯಸದಂಥದೇನನ್ನೋ ಮಾಡುತ್ತಿದ್ದಾಳೆ ಎಂಬ ಅಭಿಪ್ರಾಯ ಕೆಲವು ವಿದ್ವಾಂಸರದೂ ಆಗಿದೆ. ಆ ವೃದ್ಧೆ ಅವರ ಪುಸ್ತಕ ಓದಿದವರಲ್ಲ. ಒಣ ರೊಟ್ಟಿಯನ್ನು ಎಸೆಯದೆ ಬಾಳಿದವರು. ಮೊಮ್ಮಗಳು ಆಮೇಲೆ ನಮ್ಮ ಬಳಿ ಬಂದು ಭಿತ್ತಿಪತ್ರದ ಒಂದು ಪ್ರತಿ ಕೇಳಿದಳು. ಅದರ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ತೋರಿಸಿ, ಇದು ಯಾವ ಅಕ್ಷರ, ಇದು ಯಾವುದು ಎಂದು ಒಂದೊಂದಾಗಿ ವಿಚಾರಿಸಿದಳು. ‘ಹಳೆಯ’ ಎಂಬ ಪದವನ್ನು ಕೂಡಿಸಿ ಓದಿ ಮುಗಿಸುವ ಹೊತ್ತಿಗೆ ಭಾತು ಆರಿತ್ತು.

ಮಹನೀಯರೇ, ನವೆಂಬರ್ 1 ಬಂದಾಗಲೆಲ್ಲ ಈ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಸಭಾಂಗಣಕ್ಕೆ ಕರೆತರುವುದು ಹೇಗೆಂದು ನಾವು ಚಿಂತಿಸುತ್ತೇವೆ. ಕೆಲವರು ಕನ್ನಡಕ್ಕೆ ಕನ್ನಡಕ ತೊಡಿಸಬೇಕೆನ್ನುತ್ತಾರೆ. ಕೆಲವರು ಬಂಗಾರದ ಅಂಚು ಕಟ್ಟಿ ಗೋಡೆಗೆ ತೂಗುಹಾಕಬೇಕೆನ್ನುತ್ತಾರೆ. ಎರಡನ್ನೂ ಮಾಡಿ ನೋಡಿದವರು ನಾವು. ಮುಂದಿನ ವರ್ಷದ ಉಪಸಮಿತಿಗೆ ನಮ್ಮ ಬಿನ್ನಹ ಇಷ್ಟೇ: ಕೆಲಸಕ್ಕೆ ಕೈಹಾಕುವ ಮುಂಚೆ ಬೆಂಚು ಎಳೆದುಕೊಂಡು ಚಿತ್ರದ ಮುಂದೆ ಒಂದು ಸಂಜೆ ಕುಳಿತುಕೊಳ್ಳಿ. ಬೆಂಚು ಹಿಂದಿನ ಕೋಣೆಯಲ್ಲಿದೆ. ಒಂದು ಕಾಲು ಸಡಿಲವಾಗಿದೆ, ಜೋಪಾನ.